ಗೇರುಗುಡ್ಡದ ಲೆಕ್ಕ

ಕಾಸರಗೋಡಿನ ಎಣ್ಮಕಜೆಯ ಕಡೆ ಗೇರುತೋಟ ಗುಡ್ಡದ ಮೇಲಿದ್ದರೆ ಮನೆ, ಅಡಿಕೆತೋಟಗಳು ಕಣಿವೆಯಲ್ಲಿರುತ್ತವೆ. ಗುಡ್ಡದ ಒಡಲನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ಸಣ್ಣಗೆ ಇಳಿಯುವ ನೀರು ಬಾಯಿ ತೆರೆದ ಮಣ್ಣಿನ ತೊಟ್ಟಿಯಲ್ಲಿ ನಿಲ್ಲುತ್ತದೆ. ಎಷ್ಟೋ ಮನೆಗಳಿಗೆ ಕುಡಿಯಲು ಅದೇ ನೀರು. 1970ರ ದಶಕದ ಕೊನೆಯಿಂದ 2000ದವರೆಗೆ, ಗೇರಿನ ಚಿಗುರನ್ನು ಕರಟಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುವಾಗ ಬಾವಿ ಮುಚ್ಚಿಡಿ ಎನ್ನುತ್ತಿದ್ದರು. ಬಾವಿಗೆ ತೆಂಗಿನ ಮಡಲು ಹೊದಿಸಬಹುದು, ಹರಿಯುವ ತೋಡಿಗೆ ಹೊದಿಸಲಾದೀತೇ?

ಗೇರುಬೀಜದಿಂದ ವಿದೇಶಿ ವಿನಿಮಯವೂ ಕೂಲಿಯೂ ಹುಟ್ಟುತ್ತವೆ, ಬಹುಜನರ ಲಾಭದೆದುರು ಕೆಲವರ ತೊಂದರೆ ಸಣ್ಣದು ಎಂಬ ವಾದಕ್ಕೆ ಉಪಯುಕ್ತತಾವಾದವನ್ನು, ಅಂದರೆ ಒಟ್ಟು ಸುಖ ಹೆಚ್ಚಿಸುವುದೇ ಸರಿ ಎಂಬ ತತ್ತ್ವವನ್ನು, ಆಸರೆಯಾಗಿ ತರುವುದುಂಟು. ಆದರೆ ಆ ವಾದವನ್ನು ರೂಪಿಸಿದ ಇಂಗ್ಲಿಷ್ ತತ್ತ್ವಜ್ಞಾನಿ ಜೆರೆಮಿ ಬೆಂಥಾಮ್ 1789ರಲ್ಲಿ ಪ್ರಕಟಿಸಿದ ಅಳತೆಗೋಲಿನಲ್ಲಿ ನೋವಿನ ತೀವ್ರತೆ, ಅವಧಿ, ಅದು ಎಷ್ಟು ಜನರನ್ನು ಮುಟ್ಟುತ್ತದೆ ಎಂಬುದೆಲ್ಲವೂ ಇದೆ. ಮಣ್ಣಿನಲ್ಲಿ ಎಂಡೋಸಲ್ಫಾನ್ ಸಲ್ಫೇಟಾಗಿ ಮಾರ್ಪಟ್ಟು, ವಿಷಗುಣವನ್ನು ಕಳೆದುಕೊಳ್ಳದೆ ಇನ್ನಷ್ಟು ಕಾಲ ಉಳಿಯುತ್ತದೆ. ಹಾಗಾಗಿ ಅವಧಿಯನ್ನು ಬಿಟ್ಟು ಹಾಕಿದ ಲೆಕ್ಕ ಬೆಂಥಾಮನ ಲೆಕ್ಕವೇ ಅಲ್ಲವೆಂದು ನನ್ನ ಖಚಿತ ನಿಲುವು.

ಯೋಜನೆಗಳ ಲಾಭನಷ್ಟವನ್ನು ತೂಗುವಾಗ ಭವಿಷ್ಯಕ್ಕೆ ವಟ್ಟ ಕಳೆಯುವ, ಅಂದರೆ ಮುಂದಿನ ಲಾಭನಷ್ಟವನ್ನು ಇಂದಿನ ಬೆಲೆಗೆ ಇಳಿಸಿ ಎಣಿಸುವ ಪದ್ಧತಿಯೂ ಇದೆ. ವರ್ಷಕ್ಕೆ ಶೇ. 8ರ ದರ ಹಿಡಿದರೆ, ಮೂವತ್ತು ವರ್ಷಗಳಾಚೆಯ ನೂರು ರೂಪಾಯಿಯ ಹಾನಿ ಇಂದು ಹತ್ತು ರೂಪಾಯಿಯಷ್ಟಾಗಿ ಕಾಣುತ್ತದೆ. ಮುಂದಿನವರ ಸುಖವನ್ನು ಹೀಗೆ ಕಡಿಮೆ ಎಣಿಸುವುದು ನೈತಿಕವಾಗಿ ಸಮರ್ಥನೀಯವಲ್ಲ ಎಂದು ಕೇಂಬ್ರಿಜ್‌ನ ಚಿಂತಕ ಫ್ರಾಂಕ್ ರಾಮ್ಸೆ 1928ರಲ್ಲೇ ವಾದಿಸಿದ್ದರು.

ಇದಕ್ಕಿಂತಲೂ ನನ್ನನ್ನು ಕಾಡುವುದು 1939ರಲ್ಲಿ ಅರ್ಥಶಾಸ್ತ್ರಜ್ಞರಾದ ಕ್ಯಾಲ್ಡರ್ ಮತ್ತು ಹಿಕ್ಸ್ ಮುಂದಿಟ್ಟ ಮಾನದಂಡ. ಲಾಭ ಪಡೆದವರು ಸೋತವರಿಗೆ ಪರಿಹಾರ ಕೊಟ್ಟೂ ಮಿಗಿಸಿಕೊಳ್ಳಬಲ್ಲರಾದರೆ ಯೋಜನೆ ಲಾಭದಾಯಕವೇ. ನಿಜಕ್ಕೂ ಕೊಟ್ಟರೇ ಎಂದು ಅದು ಕೇಳುವುದಿಲ್ಲ. ಇಲ್ಲಿ ಆ ಪ್ರಶ್ನೆಯನ್ನು ಕೇಳಿದ್ದು ನ್ಯಾಯಾಲಯ. ಸುಪ್ರೀಂ ಕೋರ್ಟ್ 2011ರಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಿತು. ಸಿಂಪರಣೆಯ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ಆಗ ಸಿಂಪರಣೆ ನಿಂತು ಹದಿನಾರು ವರ್ಷ ಕಳೆದಿತ್ತು.

ಅಂಥ ಸಂತ್ರಸ್ತರ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ತಾಯಿ ನಲವತ್ತರ ಮಗನ ತಲೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಗಂಟಲಲ್ಲಿ ಇಳಿಯುವವರೆಗೆ ಕಾದು, ಮತ್ತೊಂದು ಚಮಚ ಗಂಜಿ ಉಣಿಸುವುದನ್ನು ನಾನು ಕಂಡಿದ್ದೇನೆ. ಉಣಿಸಿ, ಮೀಯಿಸಿ, ಮಗ್ಗುಲು ಬದಲಿಸುವುದಕ್ಕೆ ದಿನಕ್ಕೆ ನಾಲ್ಕೇ ಗಂಟೆ ಎಂದಿಟ್ಟರೂ ನಲವತ್ತು ವರ್ಷಗಳಲ್ಲಿ ಅದು 58,000 ಗಂಟೆ ಮೀರುತ್ತದೆ. ಐದು ಲಕ್ಷವನ್ನು ಆ ಗಂಟೆಗಳಿಗೆ ಹಂಚಿದರೆ, ಗಂಟೆಗೆ ಒಂಬತ್ತು ರೂಪಾಯಿಯೂ ಬೀಳುವುದಿಲ್ಲ.