ಕೊಬ್ಬು ಮೆದುಳಿಗೆ ಒಪ್ಪಿಸುವ ಲೆಕ್ಕ

ದಾವಣಗೆರೆಯ ಹೋಟೆಲಿನಲ್ಲಿ ಸೌದೆ ಒಲೆಯ ಕಾವಲಿಯಿಂದ ಇಳಿದ ಎರಡು ಬೆಣ್ಣೆ ದೋಸೆಗಳನ್ನು ಆಲೂಗೆಡ್ಡೆ ಪಲ್ಯ, ಕಾಯಿ ಚಟ್ನಿಯೊಡನೆ ತಿಂದವರಿಗೆ ಮೂರನೆಯದು ಬೇಡವೆನ್ನಿಸುವುದು ಮುಖ್ಯವಾಗಿ ಜಠರ ಮತ್ತು ಕರುಳಿನಿಂದ ಹೊರಡುವ ಸಂಕೇತಗಳಿಂದ. ಅವುಗಳ ಪ್ರಭಾವ ಕೆಲವು ಗಂಟೆಗಳಲ್ಲಿ ತೀರುತ್ತದೆ. ಮೈಯಲ್ಲಿ ಒಟ್ಟು ಎಷ್ಟು ಕೊಬ್ಬು ಶೇಖರವಾಗಿದೆ ಎಂಬುದನ್ನು ಮೆದುಳಿಗೆ ತಿಳಿಸುವ ಕೆಲಸವೇ ಬೇರೆ. ಅದನ್ನು ಮಾಡುವುದು ಕೊಬ್ಬಿನ ಕೋಶಗಳೇ ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನು.

ಇದರ ಸುಳಿವು ಸಿಕ್ಕಿದ್ದು ಇಲಿಗಳಿಂದ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಡಗ್ಲಾಸ್ ಕೋಲ್ಮನ್ ಅವರು ಎರಡೆರಡು ಇಲಿಗಳ ಮೈಯನ್ನು ಶಸ್ತ್ರಕ್ರಿಯೆಯಿಂದ ಜೋಡಿಸಿ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ‘ಓಬಿ’ ತಳಿಯ ಸ್ಥೂಲ ಇಲಿಯನ್ನು ಸಾಮಾನ್ಯ ಇಲಿಗೆ ಜೋಡಿಸಿದಾಗ ಸ್ಥೂಲ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ‘ಡಿಬಿ’ ತಳಿಯದನ್ನು ಜೋಡಿಸಿದಾಗಲಾದರೋ ಅದು ಹಾಗೆಯೇ ಉಳಿದು, ಪಕ್ಕದ ಸಾಮಾನ್ಯ ಇಲಿ ಆಹಾರ ಬಿಟ್ಟು ಸತ್ತಿತು. ಮೊದಲನೆಯದರ ರಕ್ತದಲ್ಲಿ ಯಾವುದೋ ಒಂದು ವಸ್ತುವಿಲ್ಲ, ಎರಡನೆಯದರಲ್ಲಿ ಅದು ಧಾರಾಳವಾಗಿದ್ದರೂ ಗ್ರಹಿಸುವ ಶಕ್ತಿಯಿಲ್ಲ ಎಂದು ಅವರು ತೀರ್ಮಾನಿಸಿದರು. ಆ ವಸ್ತು ಏನೆಂದು ಯಾರಿಗೂ ತಿಳಿಯದಿದ್ದಾಗಲೇ ಇಷ್ಟು ಖಚಿತವಾಗಿ ತರ್ಕಿಸಿದ್ದು, ನನ್ನ ಮಟ್ಟಿಗೆ, ಈ ಕ್ಷೇತ್ರದ ಅತ್ಯಂತ ಸುಂದರ ಸಾಧನೆ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಆ ವಸ್ತುವಾದ ಲೆಪ್ಟಿನ್ನಿನ ಜೀನನ್ನು ಪತ್ತೆಹಚ್ಚಿತು. ಮರುವರ್ಷ, ಕೋಶಗಳಲ್ಲಿ ಅದನ್ನು ಗ್ರಹಿಸುವ ಪ್ರೋಟೀನಾದ ಗ್ರಾಹಕವೂ ಸಿಕ್ಕಿತು.

ಲೆಪ್ಟಿನ್ ಕೆಲಸ ಮಾಡುವ ಮುಖ್ಯ ತಾಣ ಮೆದುಳಿನ ತಳಭಾಗದ ಹೈಪೋಥಲಾಮಸ್‌ನಲ್ಲಿರುವ ಆರ್ಕ್ಯುಯೇಟ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಗುಂಪು. ಅಲ್ಲಿನ ಪಿಒಎಂಸಿ ನರಕೋಶಗಳು ಹಸಿವನ್ನು ತಗ್ಗಿಸುತ್ತವೆ, ಎಜಿಆರ್‌ಪಿ ನರಕೋಶಗಳು ಕೆರಳಿಸುತ್ತವೆ. ಲೆಪ್ಟಿನ್ ಮೊದಲಿನವನ್ನು ಚುರುಕುಗೊಳಿಸಿ ಎರಡನೆಯವನ್ನು ಅಡಗಿಸುತ್ತದೆ. ಶಿವರಾತ್ರಿಯಂದು ಹಗಲಿರುಳು ಉಪವಾಸವಿದ್ದರೆ, ಮೈಯ ಕೊಬ್ಬು ಅಷ್ಟೇನೂ ಕರಗದಿದ್ದರೂ ರಕ್ತದ ಲೆಪ್ಟಿನ್ ಮಟ್ಟ ಗಣನೀಯವಾಗಿ ಕುಸಿದು, ಎಜಿಆರ್‌ಪಿ ಕೋಶಗಳ ಮೇಲಿನ ಕಡಿವಾಣ ಸಡಿಲಗೊಳ್ಳುತ್ತದೆ. ಪಥ್ಯ ಮಾಡಿ ತೂಕ ಇಳಿಸಿದವರಲ್ಲೂ ಲೆಪ್ಟಿನ್ ಇಳಿಯುವುದರಿಂದ ಹಸಿವು ಹೆಚ್ಚುತ್ತದೆ, ದೇಹ ವ್ಯಯಿಸುವ ಶಕ್ತಿಯೂ ತಗ್ಗುತ್ತದೆ. ಇಳಿಸಿದ ತೂಕ ಮರಳಿ ಬಂದವರನ್ನು ಬಾಯಿಚಪಲದವರೆಂದು ಹೀಯಾಳಿಸುವುದು ಅನ್ಯಾಯ.

ಹಾಗಾದರೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟರಾಗದೇ? ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಅಪರೂಪದ ಮಕ್ಕಳಿಗೆ ಅದು ವರದಾನವೇ ಆಯಿತು. 1999ರಲ್ಲಿ ಬ್ರಿಟನ್ನಿನ ವೈದ್ಯರು ವರದಿ ಮಾಡಿದಂತೆ, ಒಂಬತ್ತು ವರ್ಷದ ಬಾಲಕಿಯೊಬ್ಬಳ ಹಸಿವೂ ತೂಕವೂ ಇಳಿದವು. ಆದರೆ ಬಹುಪಾಲು ಸ್ಥೂಲಕಾಯರ ರಕ್ತದಲ್ಲಿ ಲೆಪ್ಟಿನ್ ಮೊದಲೇ ಹೆಚ್ಚಾಗಿರುತ್ತದೆ. ನರಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಕೋಶದೊಳಗೆ ಸಂಕೇತವನ್ನು ತಡೆಯುವ ಎಸ್‌ಒಸಿಎಸ್3 ಪ್ರೋಟೀನು ಇದಕ್ಕೊಂದು ಕಾರಣ. ಆನುವಂಶಿಕ ದೋಷದಿಂದ ಗ್ರಾಹಕವೇ ಕೆಟ್ಟಿರುವವರಿಗಾಗಿ, ಲೆಪ್ಟಿನ್ನಿನ ಹಂತವನ್ನೇ ದಾಟಿ, ಪಿಒಎಂಸಿ ಕೋಶಗಳ ಸಂಕೇತವನ್ನು ಪಡೆಯುವ ಎಂಸಿ4 ಗ್ರಾಹಕವನ್ನು ನೇರವಾಗಿ ಪ್ರಚೋದಿಸುವ ಸೆಟ್‌ಮೆಲನೋಟೈಡ್ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.