ಕಿಲೋಮೀಟರ್‌ಗಟ್ಟಲೆ ಆಳಕ್ಕಿಳಿದ ಡ್ರಿಲ್ ಪೈಪ್ ತನ್ನ ಭಾರಕ್ಕೇ ಏಕೆ ತುಂಡಾಗುವುದಿಲ್ಲ?

ಮುಂಡರಗಿ ತಾಲ್ಲೂಕಿನ ಓದುಗರೊಬ್ಬರ ಪ್ರಶ್ನೆ: ನಮ್ಮ ಹೊಲದಲ್ಲಿ ಬೋರ್ ಕೊರೆಸುವಾಗ ಐದುನೂರು ಅಡಿ ದಾಟಿದ ಮೇಲೆ ರಾಡ್ ತುಂಡಾಗಿ ಹ್ಯಾಮರ್ ಸಮೇತ ಒಳಗೇ ಉಳಿಯಿತು. ತೈಲ ಮತ್ತು ಅನಿಲದ ಬಾವಿಗಳನ್ನು ಮೂರು ನಾಲ್ಕು ಕಿಲೋಮೀಟರ್ ಆಳಕ್ಕೆ ಕೊರೆಯುತ್ತಾರೆಂದು ಓದಿದ್ದೇನೆ. ಅಷ್ಟುದ್ದದ ಪೈಪ್ ತನ್ನ ಭಾರಕ್ಕೇ ಏಕೆ ತುಂಡಾಗುವುದಿಲ್ಲ? ಬೋರ್ ಗಾಡಿಯವರೂ ಇನ್ನಷ್ಟು ದಪ್ಪನೆಯ ರಾಡ್ ಬಳಸಿದರೆ ಸಾಲದೇ?

ಉತ್ತರ: ತಮ್ಮ ಹೊಲದಲ್ಲಿ ರಾಡ್ ತುಂಡಾದುದಕ್ಕೆ ಅದರ ಭಾರವೇ ಕಾರಣವಾಗಿರುವ ಸಂಭವ ತೀರ ಕಡಿಮೆ. ಐದುನೂರು ಅಡಿ ರಾಡಿನ ಒಟ್ಟು ತೂಕ ಕೆಲವೇ ಟನ್. ದೋಷವಿಲ್ಲದ ರಾಡ್ ಅದನ್ನು ಅನಾಯಾಸವಾಗಿ ಹೊರುತ್ತದೆ. ತೈಲಬಾವಿಯ ಪೈಪುಗಳೂ ತುಂಡಾಗುವುದುಂಟು, ಆದರೆ ಅಲ್ಲಿಯೂ ಭಾರ ಮುಖ್ಯ ಅಪರಾಧಿಯಲ್ಲ.

ಮೊದಲು ದಪ್ಪದ ವಿಚಾರ. ತೂಗುಬಿಟ್ಟ ಪೈಪಿನ ಗೋಡೆಯ ದಪ್ಪವನ್ನು ಇಮ್ಮಡಿ ಮಾಡಿದರೆ ಅದರ ಬಲ ಸುಮಾರು ಇಮ್ಮಡಿಯಾಗುತ್ತದೆ, ಜೊತೆಗೆ ತೂಕವೂ ಇಮ್ಮಡಿಯಾಗುತ್ತದೆ. ಆದ್ದರಿಂದ ತನ್ನ ಭಾರವನ್ನು ತಾನೇ ಹೊತ್ತು ಎಷ್ಟುದ್ದ ತೂಗಬಲ್ಲದು ಎಂಬುದು ದಪ್ಪವನ್ನು ಅವಲಂಬಿಸಿಲ್ಲ, ಉಕ್ಕಿನ ಗುಣವನ್ನು ಅವಲಂಬಿಸಿದೆ. ಕಟ್ಟಡಗಳಿಗೆ ಬಳಸುವ ಸಾಮಾನ್ಯ ಉಕ್ಕಿನ ಸಾದಾ ಪೈಪನ್ನು ಗಾಳಿಯಲ್ಲಿ ತೂಗುಬಿಟ್ಟರೆ ಸುಮಾರು 3.2 ಕಿಲೋಮೀಟರಿಗೆ ಅದರ ಮೇಲ್ತುದಿ ಮರಳಿ ಮೊದಲಿನಂತಾಗದ ಹಾಗೆ ಹಿಗ್ಗತೊಡಗುತ್ತದೆ. ಡ್ರಿಲ್ ಪೈಪಿಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐಯ ಮಾನದಂಡದಲ್ಲಿ ಇ-75, ಎಕ್ಸ್-95, ಜಿ-105, ಎಸ್-135 ಎಂಬ ದರ್ಜೆಗಳಿವೆ. ಒಂದು ಚದರ ಇಂಚಿನ ಉಕ್ಕು ಹೀಗೆ ಹಿಗ್ಗದೆ ಕನಿಷ್ಠ ಎಷ್ಟು ಸಾವಿರ ಪೌಂಡ್ ಎಳೆತವನ್ನು ತಾಳಬೇಕು ಎಂಬುದನ್ನೇ ಆ ಅಂಕಿಗಳು ಹೇಳುತ್ತವೆ. ಅದೇ ಲೆಕ್ಕದಲ್ಲಿ ಇ-75 ದರ್ಜೆಯ ಪೈಪ್ 6.7 ಕಿಲೋಮೀಟರ್, ಎಸ್-135 ದರ್ಜೆಯದು ಸುಮಾರು 12 ಕಿಲೋಮೀಟರ್ ತೂಗಬಲ್ಲದು. ಜೋಡಣೆಗಳ ಹೆಚ್ಚುವರಿ ತೂಕ ಸೇರಿದಾಗ ಈ ಉದ್ದ ಸ್ವಲ್ಪ ಇಳಿಯುತ್ತದೆ.

ಬಹಳ ಬಳಕೆಯಲ್ಲಿರುವ 5 ಇಂಚಿನ ಪೈಪನ್ನೇ ತೆಗೆದುಕೊಳ್ಳೋಣ. ಅದರ ಗೋಡೆಯ ದಪ್ಪ ಸುಮಾರು 9.2 ಮಿಲಿಮೀಟರ್. ಒಂದೊಂದು ಪೈಪ್ ಮೂವತ್ತು ಅಡಿಯ ಆಸುಪಾಸಿನಲ್ಲಿರುವುದರಿಂದ 4,000 ಮೀಟರಿಗೆ ನಾಲ್ಕುನೂರಕ್ಕೂ ಹೆಚ್ಚು ಪೈಪುಗಳು ಬೇಕು, ಜೋಡಣೆ ಸೇರಿ ತೂಕ ಸುಮಾರು 130 ಟನ್. ಬಾವಿಯ ತುಂಬ ಕೆಸರಿನಂಥ ಡ್ರಿಲ್ಲಿಂಗ್ ಮಡ್ ಇರುತ್ತದೆ. ಅದು ನೀರಿಗಿಂತ ಇಪ್ಪತ್ತು ಪ್ರತಿಶತ ಭಾರವಾಗಿದ್ದರೆ ಪೈಪಿನ ತೂಕದಲ್ಲಿ ಸುಮಾರು ಹದಿನೈದು ಪ್ರತಿಶತ ಇಳಿಸುತ್ತದೆ. ಉಳಿದ 110 ಟನ್ನಿನ ಎದುರಿಗೆ ಎಸ್-135 ದರ್ಜೆಯ ಹೊಸ ಪೈಪಿನ ಮಿತಿ 320 ಟನ್ ಮೀರುತ್ತದೆ. ಮಿಕ್ಕ ಬಲ ವ್ಯರ್ಥವೇನಲ್ಲ: ಪೈಪಿನ ತುದಿಗೆ ತೂಗುವ ಕೊರೆಯುವ ಸರಂಜಾಮಿನ ತೂಕ, ಬಾವಿಯ ಗೋಡೆಯ ತಿಕ್ಕಾಟ, ಪೈಪ್ ಸಿಕ್ಕಿಕೊಂಡಾಗ ಜಗ್ಗಿ ಎಳೆಯುವ ಬಲ ಎಲ್ಲವೂ ಅದರಲ್ಲಿಯೇ ಕಳೆಯಬೇಕು. ಇಷ್ಟೆಲ್ಲ ಬಲವಿದ್ದರೂ ಆ ಉದ್ದದ ಪೈಪ್ ತನ್ನ ಭಾರಕ್ಕೆ ಎರಡು ಮೀಟರಿಗೂ ಹೆಚ್ಚು ಹಿಗ್ಗಿರುತ್ತದೆ, ಮೇಲೆತ್ತಿದರೆ ಮೊದಲಿನ ಉದ್ದಕ್ಕೆ ಮರಳುತ್ತದೆ.

ಇಲ್ಲಿ ಜನ ಸಾಮಾನ್ಯವಾಗಿ ತಪ್ಪು ತಿಳಿಯುವ ಸಂಗತಿ ಒಂದಿದೆ. ತುದಿಯಲ್ಲಿ ಕಲ್ಲು ಕೊರೆಯುವ ಬಿಟ್ ಎಂಬ ಉಪಕರಣವನ್ನು ಕಲ್ಲಿಗೆ ಒತ್ತುವ ಭಾರ ಡ್ರಿಲ್ ಪೈಪಿನದಲ್ಲ. ಅದಕ್ಕೆಂದೇ ಕೆಳಗೆ ಡ್ರಿಲ್ ಕಾಲರ್ ಎಂಬ ದಪ್ಪ ಗೋಡೆಯ ಕೊಳವೆಗಳನ್ನು ಹಾಕುತ್ತಾರೆ. 8 ಇಂಚಿನ ಕಾಲರ್ ಮೀಟರಿಗೆ 200 ಕಿಲೋಗ್ರಾಂ ಮೀರುತ್ತದೆ. ನೇರ ಬಾವಿಯಲ್ಲಿ ಒತ್ತುವ ಕೆಲಸ ಕಾಲರುಗಳ ಪಾಲಿಗೆ ಬರುವುದರಿಂದ ತೆಳು ಗೋಡೆಯ ಡ್ರಿಲ್ ಪೈಪ್ ಉದ್ದಕ್ಕೂ ಬಿಗಿಯಾಗಿ ಎಳೆದ ಸ್ಥಿತಿಯಲ್ಲಿರುತ್ತದೆ. ಮೇಲಿನಿಂದ ಒತ್ತಿದ ಉದ್ದನೆಯ ತೆಳು ಪೈಪ್ ಬಾಗುತ್ತದೆ, ಬಾಗಿದ ಪೈಪನ್ನು ತಿರುಗಿಸುವುದೇ ಮುರಿತಕ್ಕೆ ಆಹ್ವಾನ.

ಏಕೆಂದರೆ ನಿಜವಾದ ಶತ್ರು ಲೋಹದ ಬಳಲಿಕೆ. ಯಾವ ಬಾವಿಯೂ ಗುಂಡು ತೂಗಿದಷ್ಟು ನೆಟ್ಟಗಿರುವುದಿಲ್ಲ. ಬಾವಿ ಹೊರಳಿದ ಕಡೆ ಪೈಪೂ ಬಾಗಿ ನಿಂತು ಅಲ್ಲಿಯೇ ಗಿರಗಿರನೆ ಸುತ್ತುತ್ತದೆ. ಪ್ರತಿ ಸುತ್ತಿಗೂ ಅದರ ಒಂದು ಮಗ್ಗಲು ಒಮ್ಮೆ ಹೆಚ್ಚು ಎಳೆತಕ್ಕೆ, ಒಮ್ಮೆ ಕಡಿಮೆ ಎಳೆತಕ್ಕೆ ಸಿಗುತ್ತದೆ. ನಿಮಿಷಕ್ಕೆ 100 ಸುತ್ತು ಎಂದರೆ ಗಂಟೆಗೆ 6,000 ಬಾರಿ. ಬೇಲಿಯ ತಂತಿಯನ್ನು ಎಳೆದು ತುಂಡರಿಸಲಾಗದವನು ಹಿಂದೆ ಮುಂದೆ ಬಾಗಿಸಿ ತುಂಡರಿಸುವ ಹಾಗೆ, ನೂರಾರು ಟನ್ ಹೊರಬಲ್ಲ ಉಕ್ಕು ಅದಕ್ಕಿಂತ ಎಷ್ಟೋ ಕಡಿಮೆ ಭಾರದಲ್ಲಿ ಸೀಳು ಬಿಡುತ್ತದೆ. ಆ ಸೀಳು ಹುಟ್ಟುವುದಕ್ಕೆ ಒಂದು ನೆಪ ಬೇಕು: ಪೈಪನ್ನು ರಿಗ್ಗಿನ ಮೇಲೆ ಹಿಡಿದು ನಿಲ್ಲಿಸುವ ಸ್ಲಿಪ್ಪಿನ ಹಲ್ಲು ಮೂಡಿಸಿದ ಕಚ್ಚು, ತುಕ್ಕು ತಿಂದ ಒಂದು ಗುಳಿ, ಥ್ರೆಡ್ಡಿನ ಬುಡದ ಚೂಪಾದ ಮೂಲೆ, ಇಷ್ಟೇ ಸಾಕು.

ಬಳಲಿಕೆಯ ಸೀಳು ಗೋಡೆಯನ್ನು ದಾಟಿದ ಕ್ಷಣಕ್ಕೇ ಪೈಪ್ ಕಳಚಿ ಬೀಳಬೇಕೆಂದಿಲ್ಲ. ಒಳಗೆ ಹೆಚ್ಚಿನ ಒತ್ತಡದಲ್ಲಿ ಹರಿಯುವ ಮಡ್ ಆ ಸಣ್ಣ ಬಿರುಕಿನಿಂದ ಚಿಮ್ಮುತ್ತದೆ, ಅದರಲ್ಲಿರುವ ಮರಳು ಲೋಹವನ್ನು ತೇಯುತ್ತದೆ, ಕೂದಲೆಳೆಯ ಬಿರುಕು ಬೆರಳು ತೂರುವಷ್ಟು ತೂತಾಗುತ್ತದೆ. ಇದಕ್ಕೆ ವಾಷೌಟ್ ಎನ್ನುತ್ತಾರೆ. ಪಂಪಿನ ವೇಗ ಬದಲಾಗದಿದ್ದರೂ ಒತ್ತಡದ ಮುಳ್ಳು ಮೆಲ್ಲನೆ ಇಳಿಯುತ್ತಿರುವುದನ್ನು ಗಮನಿಸಿದ ಡ್ರಿಲ್ಲರ್ ಕೆಲಸ ನಿಲ್ಲಿಸಿ ಪೈಪನ್ನು ಮೇಲೆತ್ತಿದರೆ ಹಾಳಾಗುವುದು ಒಂದೇ ಪೈಪ್. ಗಮನಿಸದಿದ್ದರೆ ಅದು ತಿರುಚಿ ತುಂಡಾಗಿ, ಕೆಳಗುಳಿದುದನ್ನು ಹಿಡಿದೆತ್ತುವ ದುಬಾರಿ ಕೆಲಸ ಆರಂಭವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಮುಳ್ಳಿನ ಮೇಲಿಟ್ಟ ಕಣ್ಣು ಉಕ್ಕಿನ ಒಂದು ದರ್ಜೆಗಿಂತ ಹೆಚ್ಚು ಬೆಲೆಯುಳ್ಳದ್ದು.

ಗಡಸು ಉಕ್ಕೇ ಎಲ್ಲಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. ಹೈಡ್ರೋಜನ್ ಸಲ್ಫೈಡ್ ಅನಿಲವಿರುವ ಬಾವಿಯಲ್ಲಿ ಹೈಡ್ರೋಜನ್ ಲೋಹದೊಳಗೆ ಸೇರಿ, ಎಸ್-135ರಂಥ ಹೆಚ್ಚು ಬಲದ ಉಕ್ಕು ಮುನ್ಸೂಚನೆಯಿಲ್ಲದೆ ಸಿಡಿಯಬಹುದು. ಅಲ್ಲಿ ಕಡಿಮೆ ಬಲದ ಅಥವಾ ಅದಕ್ಕೆಂದೇ ತಯಾರಿಸಿದ ದರ್ಜೆಯೇ ಕ್ಷೇಮ.

ಇನ್ನು ಜೋಡಣೆ. ಥ್ರೆಡ್ಡನ್ನು ಪೈಪಿನ ತೆಳು ಗೋಡೆಯಲ್ಲೇ ಕೊರೆಯುವುದಿಲ್ಲ. ಪೈಪಿನ ತುದಿಯನ್ನು ಕಾಯಿಸಿ ದಪ್ಪಗೊಳಿಸಿ, ಬೇರೆಯಾಗಿ ತಯಾರಿಸಿದ ದಪ್ಪ ಟೂಲ್ ಜಾಯಿಂಟನ್ನು ತಿಕ್ಕಾಟದ ಶಾಖದಿಂದ ಬೆಸೆಯುತ್ತಾರೆ. ಥ್ರೆಡ್ ಓರೆಯಾಗಿ ಕಿರಿದಾಗುತ್ತ ಹೋಗುವುದರಿಂದ ಕೆಲವೇ ಸುತ್ತುಗಳಲ್ಲಿ ಬಿಗಿಯಾಗುತ್ತದೆ. ಮಡ್ ಸೋರದಂತೆ ತಡೆಯುವುದು ಥ್ರೆಡ್ ಅಲ್ಲ, ಒಂದಕ್ಕೊಂದು ಒತ್ತಿ ಕೂರುವ ಅದರ ಭುಜ. ಕನ್ನಡಿಯಂತೆ ನಯವಾಗಿರಬೇಕಾದ ಆ ಮುಖಕ್ಕೆ ಅಡ್ಡಲಾಗಿ ಬಿದ್ದ ಒಂದು ಗೀರೂ ಸೋರಿಕೆಗೆ ದಾರಿ. ಬಿಗಿಯುವ ತಿರುಚುಬಲವನ್ನು ಅಳೆದೇ ಕೊಡುತ್ತಾರೆ: ಕಡಿಮೆಯಾದರೆ ಭುಜ ಬಾಯಿಬಿಡುತ್ತದೆ, ಅತಿಯಾದರೆ ಥ್ರೆಡ್ ಹಿಗ್ಗುತ್ತದೆ.

ಬಳಸಿದ ಪೈಪನ್ನು ಕಾಂತೀಯ ವಿಧಾನದಿಂದ ಮತ್ತು ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸುತ್ತಾರೆ. ಗೋಡೆಯ ದಪ್ಪ ಎಲ್ಲಿಯೂ ಮೂಲದ ಶೇಕಡಾ 80ಕ್ಕಿಂತ ಕಡಿಮೆಯಾಗಿರದೆ, ಬೇರೆ ದೋಷವೂ ಇಲ್ಲದಿದ್ದರೆ ಪ್ರೀಮಿಯಂ ವರ್ಗ, ಗುರುತಿಗೆ ಪೈಪಿನ ಮೇಲೆ ಎರಡು ಬಿಳಿ ಪಟ್ಟಿ. ಶೇಕಡಾ 70ರವರೆಗಾದರೆ ಎರಡನೆಯ ವರ್ಗ, ಹಳದಿ ಪಟ್ಟಿ. ಇ-75ರ 5 ಇಂಚಿನ ಪೈಪ್ ಹೊಸದಿದ್ದಾಗ ಸುಮಾರು 179 ಟನ್ ಹೊರುತ್ತದೆ, ಪ್ರೀಮಿಯಂ ವರ್ಗಕ್ಕೆ ಇಳಿದಾಗ 141 ಟನ್ನಿಗೆ ಲೆಕ್ಕ ಹಿಡಿಯುತ್ತಾರೆ.

ರಷ್ಯಾದ ಕೋಲಾ ಬಾವಿ 1989ರಲ್ಲಿ 12,262 ಮೀಟರ್ ತಲುಪಿದಾಗ ಬಳಸಿದ್ದು ಅಲ್ಯೂಮಿನಿಯಂ ಮಿಶ್ರಲೋಹದ ಹಗುರ ಪೈಪ್. ಅಲ್ಲಿ ಬಿಟ್ಟನ್ನು ತಳದಲ್ಲೇ ಇಟ್ಟ ಟರ್ಬೈನ್ ತಿರುಗಿಸುತ್ತಿತ್ತು, ಹೀಗಾಗಿ ಇಡೀ ಪೈಪ್ ಸಾಲನ್ನು ಮೇಲಿನಿಂದ ವೇಗವಾಗಿ ಸುತ್ತಿಸುವ ಅಗತ್ಯವಿರಲಿಲ್ಲ.

ತಮ್ಮ ಬೋರಿಗೆ ಬಂದರೆ, ಗದಗ ಸೀಮೆಯ ಗಟ್ಟಿ ಕಲ್ಲಿನಲ್ಲಿ ರಾಡಿಗೆ ಬೀಳುವ ಪೆಟ್ಟು ಬೇರೆ ಬಗೆಯದು: ಹ್ಯಾಮರಿನ ಬಡಿತದ ನಡುಕ, ಜೊತೆಗೆ ಬಿರುಕುಬಿಟ್ಟ ಪದರದಲ್ಲಿ ಬಿಟ್ ವಾಲಿ ಬೋರ್ ಸೊಟ್ಟಗಾಗುವುದು. ಆದ್ದರಿಂದ ಗಾಡಿ ಹೊಲಕ್ಕೆ ಬಂದಾಗ ರಾಡಿನ ದಪ್ಪವನ್ನು ಕೇಳುವುದಕ್ಕಿಂತ ರಾಡುಗಳು ನೆಟ್ಟಗಿವೆಯೇ, ಥ್ರೆಡ್ ಸವೆದು ಚೂಪಾಗಿದೆಯೇ, ಕೂಡುವಾಗ ಗ್ರೀಸ್ ಹಚ್ಚುತ್ತಾರೆಯೇ, ಸವೆದ ಹಳೆಯ ರಾಡನ್ನು ಹೊಸದಕ್ಕೆ ಕೂಡಿಸಿ ಹೊಸ ಥ್ರೆಡ್ಡನ್ನೂ ಕೆಡಿಸುತ್ತಿದ್ದಾರೆಯೇ ಎಂದು ನೋಡುವುದು ಲೇಸು. ತೈಲಬಾವಿಯಿಂದ ಹೊರಬಿದ್ದ ಪೈಪ್ ಅಗ್ಗಕ್ಕೆ ಸಿಕ್ಕರೂ ಆರೂವರೆ ಇಂಚಿನ ಬೋರಿಗೆ ಅದು ಒದಗುವುದಿಲ್ಲ: ಎಸ್-135ರ 5 ಇಂಚಿನ ಪೈಪಿಗೆ ಸಾಮಾನ್ಯವಾಗಿ ಇರುವ ಟೂಲ್ ಜಾಯಿಂಟಿನ ಹೊರವ್ಯಾಸವೇ 6⅝ ಇಂಚು. ಜಾಯಿಂಟ್ ಕತ್ತರಿಸಿ ಹುಬ್ಬಳ್ಳಿಯ ಯಾವುದಾದರೂ ವರ್ಕ್‌ಶಾಪಿನಲ್ಲಿ ಬೇರೆ ತುದಿ ಬೆಸೆಸಿದರೂ ಅಪಾಯ ತಪ್ಪದು. ಕಾಯಿಸಿ ತಣಿಸಿ ಹದಗೊಳಿಸಿದ ಮಿಶ್ರಲೋಹದ ಈ ಉಕ್ಕನ್ನು ಮುಂಚಿತವಾಗಿ ಬಿಸಿ ಮಾಡದೆ, ಆಮೇಲೆ ಮತ್ತೆ ಹದಕ್ಕೆ ತಾರದೆ ಬೆಸೆದರೆ ಬೆಸುಗೆಯ ಪಕ್ಕದ ಲೋಹ ಗಾಜಿನಷ್ಟು ಪೆಡಸಾಗಿ, ಹ್ಯಾಮರಿನ ಬಡಿತಕ್ಕೆ ಅಲ್ಲಿಯೇ ಸೀಳುತ್ತದೆ.