ಬೆವರು ಕಾಣದ ಬಿಸಿಲು

ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿ ಕಣಿವೆ ಡೆತ್ ವ್ಯಾಲಿಗೆ ಹೈಕಿಂಗ್ ಹೋಗ್ತೀನಿ ಅಂದ್ರೆ ಅಲ್ಲಿರೋ ನಮ್ಮೋರೆಲ್ಲ ತಲೆ ಸರಿ ಇದೆಯಾ ಅಂತಾರೆ. ಅವರದ್ದೇನೂ ತಪ್ಪಿಲ್ಲ, 1913ರ ಜುಲೈ 10ಕ್ಕೆ ಅಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ 56.7 ಡಿಗ್ರಿ ದಾಖಲಾಗಿದೆ, ಇವತ್ತಿಗೂ ಭೂಮಿಯ ಅಧಿಕೃತ ರೆಕಾರ್ಡ್ ಅದೇ (ಕೆಲವು ತಜ್ಞರು ಆ ಅಂಕಿನ ನಂಬಲ್ಲ, ಆ ಜಗಳ ಈಗ ಬೇಡ). ಅಲ್ಲಿ ಸೀಸನ್ ಅಂದ್ರೆ ಚಳಿಗಾಲ. ಆದ್ರೆ ಕಣಿವೆ ಪಕ್ಕದಲ್ಲೇ ನಿಂತಿರೋ, ನಾನು ಹತ್ತೋಕೆ ಹೊರಟ ಶಿಖರ ಟೆಲಿಸ್ಕೋಪ್ ಪೀಕ್‌ಗೆ ಲೆಕ್ಕ ಉಲ್ಟಾ, ಚಳಿಗಾಲದಲ್ಲಿ ಮೇಲೆಲ್ಲ ಹಿಮ, ಐಸ್ ಆಕ್ಸ್ (ಹಿಮ ಕಡಿಯೋ ಕೊಡಲಿ) ಇಲ್ದೆ ಆಗಲ್ಲ.

ಕಣಿವೆಯ ತಳ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ, ಶಿಖರ 3368 ಮೀಟರ್. ಗಾಳಿ ಮೇಲೇರಿದಂಗೆ ಒತ್ತಡ ಕಮ್ಮಿಯಾಗಿ ಹಿಗ್ಗುತ್ತೆ, ಹಿಗ್ಗಿದ್ದು ತಣ್ಣಗಾಗುತ್ತೆ, ಒಣಗಾಳಿ ಆದ್ರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಕೆಳಗಿಳಿಯೋ ಗಾಳಿ ಒತ್ತಿಸಿಕೊಂಡು ಬಿಸಿಯಾಗುತ್ತೆ, ಸೈಕಲ್ ಪಂಪ್ ಹೊಡೆದಾಗ ಅದರ ತುದಿ ಸುಡುತ್ತಲ್ಲ, ಹಂಗೆ. ಸಮುದ್ರದಿಂದ ಬರೋ ತೇವ ಎಲ್ಲ ಸಿಯೆರಾ ನೆವಾಡಾ ಮತ್ತೆ ಅದರಾಚೆಗಿನ ಬೆಟ್ಟಸಾಲುಗಳೇ ಹಿಂಡಿಕೊಂಡುಬಿಡೋದ್ರಿಂದ ಕಣಿವೆಗೆ ವರ್ಷಕ್ಕೆ ಸುಮಾರು 5-6 ಸೆಂಟಿಮೀಟರ್ ಮಳೆ ಅಷ್ಟೇ.

ಮೇಲೆ ಹೋದಂಗೆ ತಣ್ಣಗಾಗೋದ್ರಿಂದ ಶಿಖರದ ನಡಿಗೆ ಶುರುವಾಗೋ ಮಹಾಗನಿ ಫ್ಲ್ಯಾಟ್‌ನಲ್ಲಿ ಬೆಳಗ್ಗೆ ಸ್ವೆಟರ್ ಬೇಕಾಯ್ತು. ಆ ಜಾಗನೇ ಸುಮಾರು 2480 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಅರ್ಧ ಕಿಲೋಮೀಟರ್ ಮೇಲೆ. ಹೋಗಿ ಬರೋಕೆ 22 ಕಿಲೋಮೀಟರ್, ದಾರೀಲಿ ಒಂದು ಹನಿ ನೀರು ಸಿಗಲ್ಲ. ತುದಿ ಹತ್ರ ಬ್ರಿಸಲ್‌ಕೋನ್ ಪೈನ್ ಮರಗಳು, ಸಾವಿರಾರು ವರ್ಷ ಬದುಕೋ ಜಾತಿ, ಒಣಗಿದ ಕೊರಡು ಅಂದ್ಕೊಂಡ್ರೆ ಒಂದು ಪಕ್ಕದಲ್ಲಿ ಹಸಿರು ಇರುತ್ತೆ.

ನಾನು ಮೋಸಹೋಗಿದ್ದು ಬೆವರಿನ ವಿಷಯದಲ್ಲಿ. ಮಂಗಳೂರಲ್ಲಿ 33 ಡಿಗ್ರಿಗೇ ಬನಿಯನ್ ಹಿಂಡಬೇಕು, ಇಲ್ಲಿ ಸಂಜೆ ಕಾರಲ್ಲಿ ಕಣಿವೆಗಿಳಿದು 47 ಡಿಗ್ರೀಲಿ ಅರ್ಧ ಗಂಟೆ ಓಡಾಡಿದ್ರೂ ಅಂಗಿ ಒಣ ಒಣ. ಬೆವರಿಲ್ಲ ಅಂತಲ್ಲ, ಬಂದ ತಕ್ಷಣ ಆರಿಹೋಗ್ತಿತ್ತು ಅಷ್ಟೇ. ಗಾಳಿ ಚರ್ಮಕ್ಕಿಂತ, ಅಂದ್ರೆ ಸುಮಾರು 35 ಡಿಗ್ರಿಗಿಂತ ಬಿಸಿ ಇದ್ರೆ ಮೈಯಿಂದ ಶಾಖ ಗಾಳಿಗೆ ಹೋಗೋ ಬದಲು ಗಾಳಿಯಿಂದಲೇ ಮೈಗೆ ಬರುತ್ತೆ, ಆಗ ಉಳಿಯೋ ದಾರಿ ಬೆವರು ಆರೋದೊಂದೇ. ಒಂದು ಲೀಟರ್ ಬೆವರು ಆವಿಯಾದ್ರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ಕೊಂಡು ಹೋಗುತ್ತೆ. ಮಂಗಳೂರಲ್ಲಿ ತೊಟ್ಟಿಕ್ಕೋ ಬೆವರಿಂದ ಈ ಕೆಲಸ ಆಗಲ್ಲ, ಅದು ನೆಲಕ್ಕೆ ಬಿದ್ದು ವೇಸ್ಟ್. ಡೆತ್ ವ್ಯಾಲೀಲಿ ಪ್ರತಿ ಹನಿನೂ ಕೆಲಸ ಮಾಡುತ್ತೆ, ಆದ್ರೆ ಎಷ್ಟು ಖಾಲಿಯಾಯ್ತು ಅಂತ ಗೊತ್ತಾಗಲ್ಲ, ಗಂಟೆಗೆ ಒಂದು ಲೀಟರ್ ಆರಾಮಾಗಿ ಹೋಗಿರುತ್ತೆ.

ಇನ್ನೊಂದು, ನೀರಿನ ಜೊತೆ ಉಪ್ಪೂ ಹೋಗುತ್ತೆ. ಗಂಟೆಗಟ್ಟಲೆ ಬರೀ ನೀರನ್ನೇ ಗಟಗಟ ಕುಡೀತಾ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಜಾಸ್ತಿಯಾದ್ರೆ ಪ್ರಜ್ಞೆ ತಪ್ಪೋವರೆಗೂ ಹೋಗಬಹುದು. ಅಜ್ಜಿ ಮಜ್ಜಿಗೆಗೆ ಉಪ್ಪು ಹಾಕಿ ಕೊಡ್ತಿದ್ದಿದ್ದು ಸುಮ್ನೆ ಅಲ್ಲ. ಹೆಲಿಕಾಪ್ಟರ್ ಬರುತ್ತೆ ಬಿಡು ಅನ್ನೋಂಗೂ ಇಲ್ಲ, ಬಿಸಿಗಾಳಿ ತೆಳು, ರೆಕ್ಕೆಗೆ ಹಿಡಿತ ಸಿಗದೆ ಅಲ್ಲಿ ಎಷ್ಟೋ ಸಲ ಹಾರೋಕೇ ಆಗಲ್ಲ.

ರಾತ್ರಿ ರೂಮಲ್ಲಿ ಕಪ್ಪು ಟೀಶರ್ಟ್ ಬಿಚ್ಚಿ ನೋಡಿದ್ರೆ ಬೆನ್ನ ಮೇಲೆ ಬಿಳಿ ಬಿಳಿ ಗೆರೆ, ಬೆರಳಿಗೆ ಹತ್ತಿಸಿ ನೆಕ್ಕಿದೆ, ಉಪ್ಪು.